ಬಾಡಿಗೆಗೆ ಹೋದ ಧ್ವನಿ

ಅಜ್ಜನಿಗೆ ವಯಸ್ಸು ನಲವತ್ತೇಳು. ಮೊಮ್ಮಕ್ಕಳಿಲ್ಲ, ಅಷ್ಟೇಕೆ, ಮಕ್ಕಳೂ ಇಲ್ಲ. ಆದರೆ ಮೂವತ್ತು ದಾಟಿದವರನ್ನೆಲ್ಲ ಮುದುಕರ ಲೆಕ್ಕಕ್ಕೆ ಸೇರಿಸುವ ಆಫೀಸಿನಲ್ಲಿ, ಕಿವಿಯ ಮೇಲೆ ಬಿಳಿ ಕೂದಲು ಇಟ್ಟುಕೊಂಡು ಓಡಾಡುವವನಿಗೆ ಇನ್ನೇನು ಹೆಸರು ಬಂದೀತು? ಪ್ರೀತಿಯಿಂದಲೇ ಇಟ್ಟ ಹೆಸರು ಅದು. ಯಾರ ಪ್ರೋಗ್ರಾಮು ಮೊಂಡು ಹಿಡಿದು ಕೂತರೂ "ಅಜ್ಜ, ಸ್ವಲ್ಪ ನೋಡಿ" ಎಂದು ಅವನ ಕುರ್ಚಿಯ ಹಿಂದೆ ಬಂದು ನಿಲ್ಲುತ್ತಿದ್ದರು. ಅವನು "ಹ್ಞೂಂ..." ಎಂದು ಮೂಗಿನಲ್ಲೇ ಒಂದು ರಾಗ ಎಳೆದು, ಎಲ್ಲಿ ಕೆಟ್ಟಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದ. ಕಂಪನಿಯವರು ಖರ್ಚು ಇಳಿಸಲು ಹೊರಟಾಗ ಈ ಪ್ರೀತಿ ಗೀತಿ ಯಾವುದೂ ನೆನಪಿಗೆ ಬರಲಿಲ್ಲ. ಒಂದು ಬೆಳಿಗ್ಗೆ ಅವನ ಕಾರ್ಡಿಗೆ ಗಾಜಿನ ಬಾಗಿಲು ತೆರೆಯಲಿಲ್ಲ, ಅಷ್ಟೆ. ಒಳಗಿದ್ದ ಅವನ ಮಗ್ಗು, ಸ್ವೆಟರು, ಹಳೆಯ ಚಪ್ಪಲಿಗಳನ್ನು ಸೆಕ್ಯುರಿಟಿಯವನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ತಂದು ಕೈಗಿಟ್ಟ.

ಕೆಲಸ ಹುಡುಕುವುದೂ ಒಂದು ಕೆಲಸವೇ. ಸಂಬಳ ಇಲ್ಲ, ರಜೆ ಇಲ್ಲ, ಬೈದುಕೊಳ್ಳುವುದಕ್ಕೆ ಒಬ್ಬ ಮ್ಯಾನೇಜರೂ ಇಲ್ಲ. ಅಜ್ಜ ಮೊದಲು ತನ್ನ ಬಯೋಡೇಟಾವನ್ನು ಇದ್ದದ್ದು ಇದ್ದ ಹಾಗೆ ಬರೆದು ಕಂಡ ಕಂಡ ಕಂಪನಿಗಳಿಗೆ ಕಳಿಸಿದ. ಯಾರೂ ಹಾಂ ಹೂಂ ಎನ್ನಲಿಲ್ಲ. ಆಗ ಉಪದೇಶಕ್ಕೆ ಇಳಿದವನು ಹೆಂಡತಿಯ ತಮ್ಮ. ಅವನದು ಟೈಲ್ಸ್ ವ್ಯಾಪಾರ. ಆದರೆ ಅವನಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ.

"ಭಾವ, ನಿಮ್ಮ ಬಯೋಡೇಟಾನ ಮನುಷ್ಯರೆಲ್ಲಿ ಓದ್ತಾರೆ? ಮೊದಲು ಓದೋದು ಮಷೀನು. ಅದಕ್ಕೆ ಹಳೇದು ಕಂಡ್ರೆ ಆಗಲ್ಲ. ಮೊದಲಿನ ಹತ್ತು ವರ್ಷ ಕತ್ತರಿಸಿ ಬಿಸಾಕಿ. ತಲೆಗೆ ಬಣ್ಣ ಹಚ್ಚಿ. ಫೋಟೋದಲ್ಲಿ ಸ್ವಲ್ಪ ನಗಿ."

ಅಜ್ಜ ಹತ್ತು ವರ್ಷ ಕತ್ತರಿಸಿದ. ಒಂದು ದೊಡ್ಡ ಆಸ್ಪತ್ರೆಯಲ್ಲಿ ಯಾವ ಹಾಸಿಗೆ ಖಾಲಿಯಿದೆ, ಯಾವ ರೋಗಿ ಎಲ್ಲಿಗೆ ಹೋಗಬೇಕು ಎಂದು ಹೇಳುವ ಪ್ರೋಗ್ರಾಮನ್ನು ಅವನು ಒಬ್ಬನೇ ಕೂತು ಬರೆದದ್ದು ಆ ಹತ್ತು ವರ್ಷಗಳಲ್ಲೇ. ಅದೂ ಕತ್ತರಿಗೆ ಹೋಯಿತು. ತಲೆಗೆ ಬಣ್ಣ ಹಚ್ಚಿದ. ದಿಂಬಿನ ಕವರು ಕಪ್ಪಾಯಿತು. ಫೋಟೋಕ್ಕೆ ನಕ್ಕ, ಹಲ್ಲುನೋವು ತಡೆದುಕೊಂಡವನ ಹಾಗೆ ಬಂತು. ಹಳೆಯ ಜೊತೆಗಾರರಿಗೆಲ್ಲ ಫೋನು ಹಚ್ಚಿದ. "ಖಂಡಿತಾ ಅಜ್ಜ, ನಮ್ಮಲ್ಲಿ ಹೇಳಿ ನೋಡ್ತೀನಿ" ಎಂದವರು ಮುಂದಿನ ಸಲ ಫೋನೇ ಎತ್ತಲಿಲ್ಲ. ಕೆಲವು ಕಂಪನಿಗಳು "ಮನೆಯಲ್ಲೇ ಕೂತು ಇದನ್ನು ಮಾಡಿ ಕಳಿಸಿ" ಎಂದು ಪರೀಕ್ಷೆ ಕೊಟ್ಟವು. ಅವನು ಊಟ ನಿದ್ದೆ ಬಿಟ್ಟು ಮಾಡಿ ಕಳಿಸಿದ. ಬಾವಿಗೆ ಕಲ್ಲು ಹಾಕಿದರೆ ಗುಳುಂ ಎಂದಾದರೂ ಕೇಳುತ್ತದೆ, ಇಲ್ಲಿ ಅದೂ ಇಲ್ಲ.

ಎಲ್ಲೋ ಅಪ್ಪಿತಪ್ಪಿ ಇಂಟರ್‌ವ್ಯೂಗೆ ಕರೆದರೆ, ಗಡ್ಡ ಆಗತಾನೇ ಮೂಡಿದವನೊಬ್ಬ ಪರದೆಯಲ್ಲಿ ಕಾಣಿಸಿಕೊಂಡು, "ಇಷ್ಟೊಂದು ಅನುಭವ ಇರೋರು ನಮ್ಮಂಥ ಕಂಪನಿಗೆ ಯಾಕೆ ಬರಬೇಕು ಅಂತಿದ್ದೀರಿ?" ಎಂದು ಕೇಳುತ್ತಿದ್ದ. ಯಾಕೆ ಬರುತ್ತಾರೆ, ಗಾಳಿ ಸೇವನೆಗೆ ಬರುತ್ತಾರೆಯೇ? ಹೊಟ್ಟೆಪಾಡಿಗೆ ಬರುತ್ತಾರೆ. ಹಾಗೆಂದು ಹೇಳುವ ಹಾಗಿಲ್ಲವಲ್ಲ. ಅಜ್ಜ "ಹೊಸದು ಕಲಿಯೋ ಆಸೆ" ಎನ್ನುತ್ತಿದ್ದ. ಆ ಮಾತು ಅವನ ಕಿವಿಗೇ ಸುಳ್ಳಾಗಿ ಕೇಳುತ್ತಿತ್ತು.

ಮನೆ ನಡೆಯುತ್ತಿದ್ದದ್ದು ಹೆಂಡತಿಯಿಂದ. ಅವಳು ಬಸ್ ನಿಲ್ದಾಣದ ಎದುರಿನ ಔಷಧದಂಗಡಿಯಲ್ಲಿ ಕೌಂಟರಿನ ಹಿಂದೆ ನಿಲ್ಲುತ್ತಿದ್ದಳು. ಮಧ್ಯಾಹ್ನ ಹೋದರೆ ಬರುವುದು ಅಂಗಡಿ ಮುಚ್ಚಿದ ಮೇಲೆ. ಅವಳೊಬ್ಬಳ ದುಡಿಮೆಗೆ ಈ ಮನೆ ಹೆಚ್ಚಾಯಿತು ಎಂದು ಇಬ್ಬರಿಗೂ ಗೊತ್ತಿತ್ತು. ತಮ್ಮ ತನ್ನ ಮನೆಯ ಹಿಂದಿನ ರೂಮಿಗೆ ಬಂದುಬಿಡಿ ಎಂದು ಕರೆದಿದ್ದ. ಆ ರೂಮಿನ ತುಂಬ ಒಡೆದ ಟೈಲ್ಸ್ ಪೆಟ್ಟಿಗೆಗಳು, ಕಿಟಕಿಯೊಂದು ಇದೆ, ಅದು ಗೋಡೆಗೆ ತೆರೆದುಕೊಳ್ಳುತ್ತದೆ. "ಬೇರೆ ಯಾರಾದರೂ ಆಗಿದ್ರೆ ಬಾಡಿಗೆ ಕೇಳ್ತಿದ್ದೆ, ನೀವು ಅಕ್ಕ ಭಾವ ಅಲ್ವಾ" ಎಂದು ಬೇರೆ ಹೇಳಿದ್ದ. ಅಕ್ಕ ಅಲ್ಲಿ ನಕ್ಕು ಮನೆಗೆ ಬಂದು ಅತ್ತಳು. ಅಜ್ಜ ಅವತ್ತು ತನ್ನೊಳಗೇ ಶಪಥ ಮಾಡಿಕೊಂಡ: ಏನಾದರೂ ಆಗಲಿ, ಇವಳನ್ನು ಆ ಕೋಣೆಗೆ ಕರೆದುಕೊಂಡು ಹೋಗುವುದಿಲ್ಲ.

ಆ ಹೊತ್ತಿಗೇ, ಹುಡುಗರು ದಾರಿದೀಪ ಎಂದು ಕರೆಯುತ್ತಿದ್ದವನ ಪರಿಚಯವಾದದ್ದು. ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ಆರು ಕುರ್ಚಿ, ಎರಡು ಕಂಪ್ಯೂಟರ್ ಹಾಕಿಕೊಂಡು "ಸಾಫ್ಟ್‌ವೇರ್ ಉದ್ಯೋಗಕ್ಕೆ ದಾರಿ" ಎಂದು ಬೋರ್ಡು ಬರೆಸಿದ್ದ ಮನುಷ್ಯ ಅವನು. ಅಜ್ಜ ಅಲ್ಲಿಗೆ ಹೋದದ್ದು ಪಾಠ ಹೇಳುವ ಕೆಲಸ ಸಿಕ್ಕೀತೇ ಎಂದು ಕೇಳಲು. ದಾರಿದೀಪ ಅವನ ಮಾತನ್ನು ಕಣ್ಣು ಮುಚ್ಚಿ ಕೇಳಿದ.

"ಗುರುಗಳೇ, ಪಾಠ ಯಾರಿಗೆ ಬೇಕು? ಕಲಿಯೋ ಅಷ್ಟು ಪುರುಸೊತ್ತು ಯಾರಿಗಿದೆ? ನಿಮ್ಮ ಧ್ವನಿ ಇದೆಯಲ್ಲ, ಅದನ್ನ ನನಗೆ ಕೊಡಿ."

ವಿಷಯ ಸರಳ. ಇಂಟರ್‌ವ್ಯೂ ಎಲ್ಲ ಈಗ ಕಂಪ್ಯೂಟರಿನಲ್ಲೇ ತಾನೆ? ಕ್ಯಾಮೆರಾದ ಮುಂದೆ ಕೆಲಸ ಬೇಕಾದವನು ಕೂರುತ್ತಾನೆ. ಪ್ರಶ್ನೆ ಬಂದಾಗ ಉತ್ತರ ಹೇಳುವವನು ಅಜ್ಜ, ತನ್ನ ಮನೆಯಲ್ಲಿ ಕೂತು. ಅಜ್ಜನ ಮಾತು ನೇರ ಕಂಪನಿಯವರ ಕಿವಿಗೆ ಹೋಗುತ್ತದೆ. ಕ್ಯಾಮೆರಾದ ಮುಂದಿದ್ದವನು ತುಟಿ ಆಡಿಸುತ್ತಾನೆ. ತುಟಿಗೂ ಮಾತಿಗೂ ಹೊಂದದಿದ್ದರೆ "ಇಲ್ಲಿ ನೆಟ್ ಸರಿಯಿಲ್ಲ" ಎಂದರಾಯಿತು. ಕಂಪನಿಯ ಹೆಸರನ್ನು ದಾರಿದೀಪ ಅಜ್ಜನಿಗೂ ಹೇಳುತ್ತಿರಲಿಲ್ಲ, ಪರದೆಯನ್ನೂ ತೋರಿಸುತ್ತಿರಲಿಲ್ಲ. ಕಿವಿಯಲ್ಲಿ ಪ್ರಶ್ನೆ ಬೀಳುತ್ತದೆ, ಬಾಯಿಂದ ಉತ್ತರ ಹೊರಡುತ್ತದೆ, ಮುಗಿಯಿತು.

ಛೀ ಎಂದು ಎದ್ದು ಬರಬೇಕಿತ್ತು. ಬರಲಿಲ್ಲ. ಮೊದಲನೆಯದು ಒಂದು ಸಲ ನೋಡೋಣ ಎಂದು. ಎರಡನೆಯದು ಮನೆಬಾಡಿಗೆಗೆಂದು. ಮೂರನೆಯದಕ್ಕೆ ಕಾರಣ ಬೇರೆ. ಅಜ್ಜ ಯಾವುದೋ ಕಷ್ಟದ ಪ್ರಶ್ನೆಯನ್ನು ಬಿಡಿಸಿ ಹೇಳಿ ಮುಗಿಸಿದಾಗ, ಆ ಕಡೆಯಿಂದ ಯಾರೋ "ಭಲೇ! ಇಷ್ಟು ಚೆನ್ನಾಗಿ ಇದುವರೆಗೆ ಯಾರೂ ಹೇಳಿರಲಿಲ್ಲ" ಎಂದುಬಿಟ್ಟರು. ಎಷ್ಟು ಕಾಲವಾಗಿತ್ತು ಅಂಥ ಮಾತು ಕೇಳಿ! ತನ್ನ ಮುಖ ಕಂಡರೆ ಮೂಗು ಮುರಿಯುವವರೇ, ಮುಖ ಕಾಣದಿದ್ದರೆ ಹೊಗಳುತ್ತಿದ್ದರು. ಅಜ್ಜ ಹೆಡ್‌ಫೋನು ತೆಗೆದಿಟ್ಟು ತುಂಬ ಹೊತ್ತು ಒಬ್ಬನೇ ಖುಷಿಪಟ್ಟ, ಆಮೇಲೆ ಅದಕ್ಕಿಂತ ಹೆಚ್ಚು ಹೊತ್ತು ದುಃಖಪಟ್ಟ.

ಹೆಂಡತಿಗೆ ಹೇಳಿದ್ದು ಮಾತ್ರ ಬೇರೆ. "ಹುಡುಗರಿಗೆ ಪಾಠ ಹೇಳ್ತಿದ್ದೀನಿ ಕಣೇ, ಇಂಟರ್‌ವ್ಯೂಗೆ ರೆಡಿ ಮಾಡಿಸೋದು." ಅವಳು ನಂಬಿದಳು. ನಂಬುವುದೇನು, ಹೆಮ್ಮೆಪಟ್ಟಳು. ಬೆಳಿಗ್ಗೆ ಅವನು ಮಲಗುವ ಕೋಣೆಯ ಬಾಗಿಲು ಹಾಕಿಕೊಂಡರೆ ಮಿಕ್ಸಿ ಹಾಕುತ್ತಿರಲಿಲ್ಲ, ನಲ್ಲಿ ಜೋರಾಗಿ ಬಿಡುತ್ತಿರಲಿಲ್ಲ. ಪಕ್ಕದ ಮನೆಯಾಕೆ ಬೆಲ್ಲು ಒತ್ತಿದರೆ ತುಟಿಯ ಮೇಲೆ ಬೆರಳಿಟ್ಟು, "ನಮ್ಮ ಮೇಷ್ಟ್ರು ಪಾಠದಲ್ಲಿದ್ದಾರೆ" ಎನ್ನುತ್ತಿದ್ದಳು. ಗಂಡ ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಅವಳ ಮುಖದಲ್ಲಿ ಬಿದ್ದಿದ್ದ ಗೆರೆಗಳು ಈಗ ಸ್ವಲ್ಪ ಸಡಿಲವಾಗಿದ್ದವು. ಅದನ್ನು ನೋಡಿ ನಿಜ ಹೇಳುವ ಧೈರ್ಯ ಅಜ್ಜನಿಗೆ ಬರಲಿಲ್ಲ.

ಅವಳ ಅಂಗಡಿಯೂ ಅವನ ಉತ್ತರದೊಳಗೆ ಸೇರಿಕೊಂಡಿತ್ತು. ಒಂದೇ ಸಲ ಸಾವಿರಾರು ಜನ ನುಗ್ಗಿದರೆ ಪ್ರೋಗ್ರಾಮು ಕುಸಿಯದ ಹಾಗೆ ಹೇಗೆ ನೋಡಿಕೊಳ್ಳುತ್ತೀರಿ ಎನ್ನುವುದು ಎಲ್ಲ ಕಂಪನಿಯವರೂ ಕೇಳುವ ಪ್ರಶ್ನೆ. ಅಜ್ಜ "ಹ್ಞೂಂ..." ಎಂದು ರಾಗ ಎಳೆದು ಶುರುಮಾಡುತ್ತಿದ್ದ: "ಒಂದು ಔಷಧದಂಗಡಿ ಅಂದ್ಕೊಳ್ಳಿ. ಚೀಟಿ ಇಸ್ಕೊಳ್ಳೋರು ಒಬ್ಬರು, ಮಾತ್ರೆ ಹುಡುಕೋರು ಇನ್ನೊಬ್ಬರು, ಕೊಡೋರು ಮತ್ತೊಬ್ಬರು. ಚೀಟಿ ಇಸ್ಕೊಂಡೋರು ಮಾತ್ರೆ ಸಿಗೋವರೆಗೂ ಕಾಯ್ತಾ ನಿಂತ್ರೆ ಸಾಲು ಬೀದಿಗೆ ಹೋಗುತ್ತೆ..." ಕೇಳಿದವರು ತಲೆದೂಗುತ್ತಿದ್ದರು.

ಹೀಗೆ ಅಜ್ಜನ ಧ್ವನಿಯಲ್ಲಿ ಕೆಲಸ ಗಿಟ್ಟಿಸಿಕೊಂಡ ಹುಡುಗನೊಬ್ಬ ಒಮ್ಮೆ ಎಲ್ಲಿಂದಲೋ ನಂಬರು ಹುಡುಕಿ ಫೋನು ಮಾಡಿದ್ದ. "ಸರ್, ಇಲ್ಲಿ ಏನೂ ಅರ್ಥ ಆಗ್ತಿಲ್ಲ. ದಿನಾ ಭಯ ಆಗುತ್ತೆ. ಮೇಡಂ ಒಳ್ಳೆಯೋರು, ನನ್ನ ಮೇಲೆ ನಂಬಿಕೆ ಇಟ್ಟಿದ್ದಾರೆ." ಅಜ್ಜ "ಹೇಗೂ ಒಳಗೆ ಹೋಗಿದ್ದೀಯಲ್ಲ, ಕಲಿತ್ಕೋ" ಎಂದು ಫೋನಿಟ್ಟ. ಇಟ್ಟ ಮೇಲೆ ಊಟ ಸೇರಲಿಲ್ಲ. ಮರುದಿನ ಸೇರಿತು.

ಹೀಗಿರುವಾಗ ಅವನ ಪಾಲಿಗೂ ಒಂದು ಬಾಗಿಲು ತೆರೆಯಿತು. ಫೋನು ಎತ್ತದವರ ಸಾಲಿನಲ್ಲಿದ್ದ ಹಳೆಯ ಜೊತೆಗಾರ್ತಿಯೊಬ್ಬಳು ತಾನಾಗಿಯೇ ಫೋನು ಮಾಡಿದಳು. "ಅಜ್ಜ, ನಮ್ಮಲ್ಲಿ ಆಸ್ಪತ್ರೆಗಳ ಹಳೇ ಸಿಸ್ಟಮ್ ಒಂದಿದೆ. ಈಗಿನ ಹುಡುಗರಿಗೆ ಅದರ ತಲೆ ಬುಡ ಗೊತ್ತಾಗ್ತಿಲ್ಲ. ನಿಮ್ಮ ವಿಷಯ ಹೇಳಿದೆ. ವಯಸ್ಸಾದೋರೇ ಬೇಕು ಅಂದ್ರು ನಮ್ಮ ಮೇಡಂ! ಕತ್ತರಿಸಿದ್ದನ್ನೆಲ್ಲ ಮತ್ತೆ ಸೇರಿಸಿ ಕಳಿಸಿ."

ಅಜ್ಜ ಆ ಹತ್ತು ವರ್ಷಗಳನ್ನು ವಾಪಸು ಬರೆದ. ಬರೆಯುವಾಗ ಕಣ್ಣು ಮಂಜಾಯಿತು. ಮೊದಲ ಸುತ್ತು ಬರಹದ ಪರೀಕ್ಷೆ. ನೀರು ಕುಡಿದಷ್ಟು ಸುಲಭವಾಗಿ ದಾಟಿದ. ಉಳಿದದ್ದು ಮೇಡಂ ಜೊತೆ ಮಾತು ಒಂದೇ. ಅವತ್ತೇ ದಾರಿದೀಪನ ಮಹಡಿ ಹತ್ತಿ, "ಇನ್ನು ಸಾಕು, ನನ್ನನ್ನ ಕರೀಬೇಡಿ" ಎಂದ. ದಾರಿದೀಪ ನಕ್ಕು, "ಎಲ್ಲರೂ ಹೀಗೇ ಹೇಳಿ ಹೋಗ್ತಾರೆ ಗುರುಗಳೇ" ಎಂದ. ಅಜ್ಜ ಮೆಟ್ಟಿಲಿಳಿದ. ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು "ಹಾಗಾದ್ರೆ ಆ ರೂಮಿಗೆ ಹೋಗೋದು ಬೇಡ ಅಲ್ವಾ?" ಎಂದಳು. ದಾರಿದೀಪ ಕೊಡುತ್ತಿದ್ದ ದುಡ್ಡು ಸೇರಿಸಿದರೂ ಬಾಡಿಗೆಗೆ ಸಾಲದೆ, ತಿಂಗಳ ಕೊನೆಗೆ ಮನೆ ಬಿಡುತ್ತೇವೆಂದು ಮಾಲೀಕರಿಗೆ ಆಗಲೇ ಹೇಳಿಯಾಗಿತ್ತು. "ಬೇಡ" ಎಂದ ಅಜ್ಜ. "ಈ ಸಲ ಆಗುತ್ತೆ."

ಇಂಟರ್‌ವ್ಯೂ ದಿನ ಬೆಳಿಗ್ಗೆ ಅವಳು ಅವನ ಅಂಗಿಗೆ ಇಸ್ತ್ರಿ ಹಾಕಿ ಕೊಟ್ಟಳು. ತಲೆಯ ಬಣ್ಣ ಬಿಟ್ಟಿತ್ತು, ಅವನು ಮತ್ತೆ ಹಚ್ಚಿರಲಿಲ್ಲ. ಲ್ಯಾಪ್‌ಟಾಪು ತೆರೆದ. ಪರದೆಯಲ್ಲಿ ಇಬ್ಬರು: ಕನ್ನಡಕದ ಯುವಕ, ಮತ್ತು ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿದ ಮೇಡಂ. ಆಕೆ "ನಮಸ್ಕಾರ ಸರ್, ನಿಮ್ಮ ಬಯೋಡೇಟಾ ನೋಡಿ ತುಂಬಾ ಖುಷಿಯಾಯ್ತು" ಎಂದರು. ಈ ಧ್ವನಿ ಎಲ್ಲೋ ಕೇಳಿದ್ದೇನಲ್ಲ, ಎಂದುಕೊಂಡ ಅಜ್ಜ. ಎಲ್ಲಿ ಎಂದು ಹೊಳೆಯಲಿಲ್ಲ.

ಮಾತು ಚೆನ್ನಾಗಿಯೇ ಸಾಗಿತು. ಆಸ್ಪತ್ರೆಯ ಹಾಸಿಗೆಗಳ ವಿಷಯ ಹೇಳುವಾಗ ಅಜ್ಜ ಕೈ ಆಡಿಸುತ್ತ ಹುರುಪಿನಲ್ಲಿದ್ದ. ಯುವಕ ಎರಡು ಸಲ "ಸೂಪರ್ ಸರ್" ಎಂದ. ಮೇಡಂ ಮಾತ್ರ ಬರೆದುಕೊಳ್ಳುವುದನ್ನು ಬಿಟ್ಟು, ತಲೆ ಓರೆ ಮಾಡಿ ಅವನ ಧ್ವನಿಯನ್ನೇ ಕೇಳತೊಡಗಿದರು. ಆಮೇಲೆ, ಪೆನ್ನು ಕೆಳಗಿಟ್ಟು, ಆ ಪ್ರಶ್ನೆ ಕೇಳಿದರು: ಒಂದೇ ಸಲ ಎಲ್ಲ ಆಸ್ಪತ್ರೆಗಳವರೂ ನುಗ್ಗಿದರೆ?

"ಹ್ಞೂಂ..." ಎಂದ ಅಜ್ಜ. "ಒಂದು ಔಷಧದಂಗಡಿ ಅಂದ್ಕೊಳ್ಳಿ..."

ಬಾಯಿಗೆ ಅಭ್ಯಾಸವಾದದ್ದು, ಬಂದುಬಿಟ್ಟಿತು. ಮೇಡಂ ಮುಖ ಬಿಳಿಚಿಕೊಂಡಿತು. ಅಜ್ಜನಿಗೂ ಅದೇ ಕ್ಷಣ ಹೊಳೆಯಿತು, ಈ ಧ್ವನಿ ಎಲ್ಲಿ ಕೇಳಿದ್ದೆಂದು. "ಭಲೇ! ಇಷ್ಟು ಚೆನ್ನಾಗಿ ಇದುವರೆಗೆ ಯಾರೂ ಹೇಳಿರಲಿಲ್ಲ" ಎಂದಿದ್ದ ಧ್ವನಿ ಅದು.

"ನಿಲ್ಲಿಸಿ ಸರ್," ಎಂದರು ಮೇಡಂ. "ನಿಮ್ಮ ಹಿಂದೆ ಮಾತಾಡ್ತಿರೋರು ಯಾರು?"

"ನನ್ನ ಹಿಂದೆ? ಯಾರೂ ಇಲ್ಲ ಮೇಡಂ."

"ಈ ಧ್ವನಿ ನನಗೆ ಗೊತ್ತು. ಬೇರೆ ಒಬ್ಬನ ಮುಖ ಇಟ್ಕೊಂಡು ಇದೇ ಧ್ವನಿ, ಇದೇ ಔಷಧದಂಗಡಿ ಕಥೆ ಹೇಳಿತ್ತು ನನಗೆ. ನೀವೂ ಅದೇ ಬಾಡಿಗೆ ಧ್ವನಿ ತಗೊಂಡಿದ್ದೀರಿ. ಹೆಡ್‌ಫೋನ್ ತೆಗೀರಿ. ಲ್ಯಾಪ್‌ಟಾಪ್ ತಿರುಗಿಸಿ, ಕೋಣೆ ತೋರಿಸಿ."

ಅಜ್ಜ ಹೆಡ್‌ಫೋನು ತೆಗೆದಿಟ್ಟು ಲ್ಯಾಪ್‌ಟಾಪು ತಿರುಗಿಸಿದ. ಬೀರು, ಮಂಚ, ಮಡಚಿಟ್ಟ ಹೊದಿಕೆ, ಬಾಗಿಲ ಹಿಂದೆ ತೂಗುಹಾಕಿದ ಬಟ್ಟೆ, ಎಲ್ಲ ತೋರಿಸಿದ. ಮುಖದ ಮುಂದೆ ಕೈ ಆಡಿಸಿ ಅಂದರು, ಆಡಿಸಿದ. ಒಂದರಿಂದ ಹತ್ತರವರೆಗೆ ಹಿಂದೆಮುಂದೆ ಎಣಿಸಿ ಅಂದರು, ಎಣಿಸಿದ. ಇಪ್ಪತ್ತೈದು ವರ್ಷ ಕೆಲಸ ಮಾಡಿದ ಮನುಷ್ಯ ತನ್ನ ಗಂಟಲು ತನ್ನದೇ ಎಂದು ತೋರಿಸಲು ಚಿಕ್ಕ ಮಕ್ಕಳ ಹಾಗೆ ಎಣಿಸುತ್ತಿದ್ದ. ಅವಮಾನದಲ್ಲಿ ಕಿವಿ ಬಿಸಿಯಾಯಿತು. ಆದರೆ ಕೋಪಿಸಿಕೊಳ್ಳುವ ಹಾಗೂ ಇರಲಿಲ್ಲ. ಧ್ವನಿ ನನ್ನದಲ್ಲ ಎಂದರೆ ಕೆಲಸ ಹೋಗುತ್ತದೆ. ನನ್ನದೇ ಎಂದರೆ, ಅವತ್ತು ಮಾತಾಡಿದ್ದೂ ನೀನೇ ಎಂದಾಗುತ್ತದೆ. ಎತ್ತ ಹೊರಳಿದರೂ ಕುತ್ತಿಗೆಗೇ ಬರುತ್ತದೆ.

ಆಗ ಕನ್ನಡಕದ ಯುವಕನೇ ಕೈ ಹಿಡಿದ. "ಮೇಡಂ, ಧ್ವನಿ ಒಂದೇ ಥರ ಇರಬಹುದಲ್ವಾ? ನಮ್ಮ ದೊಡ್ಡಪ್ಪಂದೂ ನಮ್ಮಪ್ಪಂದೂ ಫೋನಲ್ಲಿ ನಮಗೇ ಗೊತ್ತಾಗಲ್ಲ. ಆ ಔಷಧದಂಗಡಿ ಉದಾಹರಣೆನೂ ಯಾವುದೋ ಪುಸ್ತಕದ್ದೇ ಇರಬೇಕು. ಇವರು ಬರಹದಲ್ಲೂ ಚೆನ್ನಾಗಿ ಮಾಡಿದ್ದಾರೆ."

"ಹೌದು ಮೇಡಂ," ಎಂದ ಅಜ್ಜ. "ಒಂದೇ ಥರ ಧ್ವನಿ ಎಷ್ಟೋ ಜನಕ್ಕೆ ಇರುತ್ತೆ. ಅದು ಹಳೇ ಉದಾಹರಣೆ."

ಮೇಡಂ ಹಣೆ ಉಜ್ಜಿಕೊಂಡರು. ಕೆಟ್ಟ ಹೆಂಗಸಲ್ಲ ಆಕೆ. ನಂಬಬೇಕೆಂದು ಅವರಿಗೂ ಆಸೆಯಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. "ಸರಿ ಸರ್. ನಂದು ತಪ್ಪು ತಿಳುವಳಿಕೆ ಇದ್ರೆ ಕ್ಷಮೆ ಕೇಳ್ತೀನಿ. ಮನೇಲಿ ಯಾರಾದ್ರೂ ಇದ್ದಾರಾ? ಒಂದು ನಿಮಿಷ ಕರೀರಿ. ಅವರು ನಿಮ್ಮ ಪಕ್ಕ ಕೂತು, ಮಾತಾಡ್ತಿರೋದು ನೀವೇ ಅಂತ ಹೇಳಿದ್ರೆ ಸಾಕು. ಮುಂದಕ್ಕೆ ಹೋಗೋಣ."

ಕರೆಯುವುದೇ ಬೇಡವಾಗಿತ್ತು. ಅವಳು ಬಾಗಿಲ ಹೊರಗೇ ನಿಂತಿದ್ದಳು. ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಬಂದು, ಪರದೆಯ ಕಡೆ ಬಗ್ಗಿ ನಕ್ಕಳು. ಅಜ್ಜ ಅವಳ ಕೈ ಮುಟ್ಟಿ, "ಸುಮ್ನೆ ಹೌದು ಅನ್ನು, ಸಾಕು" ಎಂದು ಪಿಸುಗುಟ್ಟಿದ. ಗಂಡನಿಗೆ ಸಂಕೋಚ ಎಂದುಕೊಂಡಳು ಅವಳು. ಇವರು ತಮ್ಮ ಬಗ್ಗೆ ತಾವು ಎಂದಾದರೂ ಹೇಳಿಕೊಂಡಿದ್ದಾರೆಯೇ? ಹೇಳಿಕೊಳ್ಳಲು ಬರುತ್ತಿದ್ದರೆ ಇಷ್ಟು ದಿನ ಮನೆಯಲ್ಲಿ ಕೂರುತ್ತಿದ್ದರೇ?

"ಇವರದೇ ಧ್ವನಿ ಅಮ್ಮ," ಎಂದಳು ಪರದೆಗೆ. "ಅನುಮಾನಾನೇ ಬೇಡ. ಎಷ್ಟೋ ತಿಂಗಳಿಂದ ದಿನಾ ಬೆಳಿಗ್ಗೆ ಈ ಕೋಣೆಲೇ ಕೂತು ಹೀಗೇ ಮಾತಾಡ್ತಾರೆ. ಇಂಟರ್‌ವ್ಯೂಗೆ ಹೋಗೋ ಹುಡುಗರಿಗೆ ಪಾಠ. ಆ ಔಷಧದಂಗಡಿ ಕಥೆ ಇದೆಯಲ್ಲ, ಅದು ಯಾವ ಪುಸ್ತಕದ್ದೂ ಅಲ್ಲ, ನಮ್ಮ ಅಂಗಡಿದು. ನಾನೇ ಅಲ್ಲಿ ಕೆಲಸ ಮಾಡೋದು. ಬಾಗಿಲಾಚೆ ಕೇಳಿ ಕೇಳಿ ನನಗೇ ಬಾಯಿಪಾಠ ಆಗಿದೆ. ಇವರ ಹತ್ರ ಹೇಳಿಸ್ಕೊಂಡ ಎಷ್ಟೋ ಹುಡುಗರಿಗೆ ಕೆಲಸ ಸಿಕ್ಕಿದೆ ಅಮ್ಮ. ಇವರಿಗೇ ಸಿಕ್ಕಿಲ್ಲ."

ಪರದೆಯಲ್ಲಿ ಇಬ್ಬರೂ ಅಲುಗಾಡಲಿಲ್ಲ. ನೆಟ್ ನಿಂತುಹೋಯಿತೇನೋ ಎಂದು ಅವಳು ಇನ್ನಷ್ಟು ಬಗ್ಗಿದಳು.

"ಗೊತ್ತಾಯ್ತಮ್ಮ," ಎಂದರು ಮೇಡಂ ಮೆಲ್ಲಗೆ. "ತುಂಬಾ ಚೆನ್ನಾಗಿ ಹೇಳ್ತಾರೆ ಇವರು. ನೀವಿನ್ನು ಹೋಗಬಹುದು. ಥ್ಯಾಂಕ್ಸ್."

ಅವಳು ಗಂಡನ ಭುಜ ಒತ್ತಿ, ಬಾಗಿಲು ಎಳೆದುಕೊಂಡು ಹೋದಳು.

"ಆ ಹುಡುಗನ್ನ ಆರಿಸಿದ್ದು ನಾನು," ಎಂದರು ಮೇಡಂ. "ಅವನ ಕೈಲಿ ಏನೂ ಆಗಲಿಲ್ಲ. ಅವನ ಕೆಲಸಾನೂ ಸೇರಿಸಿ ಮಾಡಿ ಮಾಡಿ ನನ್ನ ಟೀಮಲ್ಲಿ ಇಬ್ಬರು ಬಿಟ್ಟು ಹೋದ್ರು. ಅವನು ಒಂದಿನ ನನ್ನ ಎದುರಿಗೆ ಅತ್ತ, ಆದ್ರೂ ನಿಮ್ಮ ಹೆಸರು ಹೇಳಲಿಲ್ಲ. ನಾನು ಈ ಜಾಗಕ್ಕೆ ಹುಡುಕ್ತಿದ್ದದ್ದು ನಿಮ್ಮನ್ನೇ ಸರ್. ಇಷ್ಟು ತಿಳಿದೋರು ನಮಗೆ ಬೇಕಿತ್ತು."

ಅಜ್ಜ ಏನೋ ಹೇಳಲು ಹೊರಟ. ವಯಸ್ಸಿನ ವಿಷಯ, ಮನೆಯ ವಿಷಯ, ಆ ಹಿಂದಿನ ರೂಮಿನ ವಿಷಯ, ಎಷ್ಟೋ ಇದ್ದವು ಹೇಳಲಿಕ್ಕೆ. ಅವೆಲ್ಲ ನಿಜವೇ. ಆದರೆ ಆ ಹುಡುಗ ಅತ್ತದ್ದೂ ನಿಜ, ತಾನು ಫೋನಿಟ್ಟದ್ದೂ ನಿಜ. "ತಪ್ಪಾಯ್ತು ಮೇಡಂ" ಎಂದಷ್ಟೇ ಹೇಳಿದ. ಕೇಳಿಸಿತೋ ಇಲ್ಲವೋ. ಪರದೆ ಖಾಲಿಯಾಗಿತ್ತು.

ಅವನು ಅಲ್ಲೇ ಕೂತಿದ್ದ. ಈ ಸುದ್ದಿ ನಾಳೆಯೊಳಗೆ ಆ ಜೊತೆಗಾರ್ತಿಗೆ ಮುಟ್ಟುತ್ತದೆ, ಅವಳಿಂದ ಉಳಿದವರಿಗೆ. ಇನ್ನು ಎಲ್ಲಿ ಬಾಯಿ ಬಿಟ್ಟರೂ ಗುರುತು ಹಿಡಿಯುತ್ತಾರೆ. ಕೆಲಸವೊಂದೇ ಅಲ್ಲ, ಕೆಲಸ ಕೇಳುವ ದಾರಿಯೂ ಮುಗಿಯಿತು ಎಂದು ಅವನಿಗೆ ಸ್ಪಷ್ಟವಾಗಿ ಅರ್ಥವಾಯಿತು. ಅಳು ಬರಬೇಕಿತ್ತು, ಬರಲಿಲ್ಲ. ಹೆಂಡತಿಗೆ ಏನು ಹೇಳುವುದು ಎನ್ನುವುದೊಂದೇ ಯೋಚನೆ. ಕೆಲಸ ಸಿಗಲಿಲ್ಲ ಎಂದರೆ ಯಾಕೆ ಎನ್ನುತ್ತಾಳೆ. ಯಾಕೆ ಎಂದು ಹೇಳಿದರೆ, ತಾನೇ ತನ್ನ ಬಾಯಿಂದ ಗಂಡನನ್ನು ಹಿಡಿದುಕೊಟ್ಟೆ ಎಂದು ಅವಳಿಗೆ ಗೊತ್ತಾಗುತ್ತದೆ. ಅದೊಂದು ಗೊತ್ತಾಗಬಾರದು.

ಎದ್ದು ಬಾಗಿಲು ತೆರೆದ. ಹೆಂಡತಿ ನಡುಮನೆಯಲ್ಲಿ ಅತ್ತಿಂದಿತ್ತ ಓಡಾಡುತ್ತ ಫೋನಿನಲ್ಲಿ ಮಾತಾಡುತ್ತಿದ್ದಳು. ಎಷ್ಟೋ ಕಾಲದಿಂದ ಅವಳ ಧ್ವನಿ ಇಷ್ಟು ಜೋರಾಗಿ ಕೇಳಿರಲಿಲ್ಲ.

"...ಹೌದು ಕಣೋ, ನನ್ನನ್ನೇ ಕರೆದು ಕೇಳಿದ್ರು! ತುಂಬಾ ಚೆನ್ನಾಗಿ ಹೇಳ್ತಾರೆ ನಿಮ್ಮ ಯಜಮಾನ್ರು ಅಂದ್ರು ಆ ಮೇಡಂ. ನಿನ್ನ ರೂಮು ನೀನೇ ಇಟ್ಕೋಪ್ಪ, ಟೈಲ್ಸ್ ಜೋಡಿಸ್ಕೋ. ಮನೆ ಬಿಡಲ್ಲ ಅಂತ ನಾನು ಮಾಲೀಕರಿಗೆ ಈಗಲೇ ಹೇಳ್ಬಿಟ್ಟೆ." ಅವನನ್ನು ಕಂಡವಳೇ ಮುಖ ಅರಳಿಸಿ, ಫೋನನ್ನು ಅವನ ಕಡೆ ಚಾಚಿದಳು. "ಬಂದ್ರು ನೋಡು ನಿಮ್ಮ ಭಾವ. ತಗೊಳ್ರೀ, ನಂಬ್ತಾ ಇಲ್ಲ ಇವನು. ನೀವೇ ಒಂದ್ಸಲ ನಿಮ್ಮ ಬಾಯಲ್ಲೇ ಹೇಳಿ."